ಲೊಗೊನ್ ಬಯಲಿನ ಮೀನು ಕಾಲುವೆ ಜಗಳ: ಒಂದು ಪ್ರಕರಣ ಅಧ್ಯಯನ

2021ರ ಡಿಸೆಂಬರ್ 5ರಂದು ಕ್ಯಾಮರೂನ್ ದೇಶದ ಉತ್ತರ ತುದಿಯಲ್ಲಿ ಒಂದು ಜಗಳ ಶುರುವಾಯಿತು. ಊರಿನ ಹೆಸರು ಉಲೂಂಸಾ. ಲೊಗೊನ್-ಬಿರ್ನಿ ಸೀಮೆಯ ಒಂದು ಹಳ್ಳಿ. ಒಂದು ಕಡೆ ಮೀನು ಹಿಡಿದು, ಜೊತೆಗೆ ಜೋಳ ಬೆಳೆಯುವ ಮುಸ್ಗುಮ್ ಜನ. ಇನ್ನೊಂದು ಕಡೆ ದನ ಸಾಕುವ ಶುವಾ ಅರಬ್ಬರು. ಮೂರೇ ದಿನದಲ್ಲಿ ಅದು ಕುಸ್ಸೆರಿ ಪಟ್ಟಣಕ್ಕೆ ಹಬ್ಬಿತು. ಅಲ್ಲಿನ ದನದ ಸಂತೆ ನಾಶವಾಯಿತು. ಎರಡು ವಾರ ಕಳೆಯುವ ಹೊತ್ತಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಲೆಕ್ಕ ಇದು: ಕನಿಷ್ಠ 44 ಜನ ಸತ್ತಿದ್ದಾರೆ, 112 ಹಳ್ಳಿಗಳು ಸುಟ್ಟಿವೆ, ಸುಮಾರು 1 ಲಕ್ಷ ಜನ ಮನೆ ಬಿಟ್ಟಿದ್ದಾರೆ. ಅವರಲ್ಲಿ ಸುಮಾರು 85,000 ಜನ ನದಿ ದಾಟಿ ಚಾಡ್ ದೇಶಕ್ಕೆ ಹೋಗಿದ್ದರು. ಹೋದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು.

ಹೊರಗಿನ ಪತ್ರಿಕೆಗಳು ಇದಕ್ಕೆ ಎರಡು ಹೆಸರು ಕೊಟ್ಟವು. ಕೆಲವರಿಗೆ ಇದು ಬುಡಕಟ್ಟು ಜಗಳ. ಇನ್ನು ಕೆಲವರಿಗೆ ಹವಾಮಾನ ಬದಲಾವಣೆಯ ಯುದ್ಧ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಈ ಎರಡು ಹೆಸರುಗಳ ನಡುವೆ ಒಂದು ವಸ್ತು ಮರೆಯಾಗಿ ಹೋಯಿತು. ಅದು ನೆಲದಲ್ಲಿ ತೋಡಿದ ಕಾಲುವೆ. ಮೀನು ಹಿಡಿಯಲು ಗುದ್ದಲಿ, ಸಲಿಕೆ ಹಿಡಿದು ಕೈಯಿಂದ ತೋಡಿದ ಕಾಲುವೆ ಮತ್ತು ಗುಂಡಿ. ಅವುಗಳಲ್ಲಿ ದನ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ಜಗಳದ ಕಿಡಿ ಅದೇ. ಆ ಕಾಲುವೆಗಳು ಯಾಕೆ ಹುಟ್ಟಿದವು, ಯಾಕೆ ಹೆಚ್ಚಾದವು, ಯಾಕೆ ಯಾರೂ ನಿಲ್ಲಿಸಲಾರರು ಅನ್ನುವುದೇ ಈ ಪ್ರಕರಣ.

ನೀರು ಬರುವ ಬಯಲು

ಲೊಗೊನ್ ನದಿಯ ನೀರು ಬರುವುದು ದಕ್ಷಿಣದ ಅಡಮಾವಾ ಎತ್ತರದ ನಾಡಿನಿಂದ. ಉತ್ತರಕ್ಕೆ ಹರಿದು, ಕುಸ್ಸೆರಿ ಹತ್ತಿರ ಶಾರಿ ನದಿಗೆ ಸೇರಿ, ಚಾಡ್ ಸರೋವರ ಮುಟ್ಟುತ್ತದೆ. ಕೆಳಗಿನ ಭಾಗದಲ್ಲಿ ಈ ನದಿಯೇ ಗಡಿ. ಈ ದಡ ಕ್ಯಾಮರೂನ್, ಆ ದಡ ಚಾಡ್. ಅಲ್ಲಿ ನೆಲ ಬಹಳ ಸಪಾಟು. ಮಳೆ ಜೂನ್‌ನಿಂದ ಸೆಪ್ಟೆಂಬರ್ ತನಕ. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಅಷ್ಟೇ. ಈ ಮಳೆಯೊಂದನ್ನೇ ನಂಬಿದರೆ ಅದು ಒಣ ಸೀಮೆ. ಆದರೆ ಸೆಪ್ಟೆಂಬರ್ ಹೊತ್ತಿಗೆ ಮೇಲಿನ ನಾಡಿನ ನೀರು ಇಳಿದು ಬರುತ್ತದೆ. ನದಿ ದಡ ಮೀರುತ್ತದೆ. ಬಯಲು ತುಂಬುತ್ತದೆ. ಎಲ್ಲ ಕಡೆ ಮೊಣಕಾಲಿನಿಂದ ಸೊಂಟದ ತನಕ ನೀರು, ಅದರ ಮೇಲೆ ತಲೆ ಎತ್ತಿದ ಹುಲ್ಲು. ಈ ಬಯಲಿಗೆ ಫುಲಾನಿ ಜನರ ಭಾಷೆಯಲ್ಲಿ ಯಾಯೇರೆ ಅನ್ನುತ್ತಾರೆ. ವಾಜಾ-ಲೊಗೊನ್ ಬಯಲು ಅಂತ ನಕ್ಷೆಯಲ್ಲಿ ಗುರುತಿಸುವ ಪ್ರದೇಶ ಸುಮಾರು 8,000 ಚದರ ಕಿಲೋಮೀಟರ್ ಇದೆ.

ನವೆಂಬರ್ ಬಂದರೆ ನೀರು ಹಿಂದಕ್ಕೆ. ಜನವರಿ ಹೊತ್ತಿಗೆ ಅಲ್ಲಲ್ಲಿ ಹೊಂಡಗಳಷ್ಟೇ ಉಳಿಯುತ್ತವೆ.

ಮೀನಿಗೆ ಈ ನೆರೆ ಅಂದರೆ ತವರುಮನೆ ಇದ್ದಂತೆ. ಮಲೆನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನು ಅವರಿಗೆ ಗೊತ್ತು. ಲೊಗೊನ್‌ನಲ್ಲೂ ಮೀನು ಹಾಗೇ ನದಿ ಬಿಟ್ಟು ಬಯಲಿಗೆ ಏರುತ್ತದೆ. ಹುಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಬೆಚ್ಚಗಿನ, ಆಳವಿಲ್ಲದ ನೀರು. ಕೊಳೆತ ಹುಲ್ಲು, ಸಗಣಿ, ಹುಳುಹುಪ್ಪಟೆ ಎಲ್ಲವೂ ಮರಿಗೆ ಊಟ. ನೀರು ನಿಂತಷ್ಟು ದಿನ ಮರಿ ಬೆಳೆಯುತ್ತದೆ. ನೀರು ಇಳಿಯುವಾಗ ಅದರ ಜೊತೆಗೇ ನದಿಗೆ ವಾಪಸ್ ಹೊರಡುತ್ತದೆ. ಆಫ್ರಿಕಾದ ಇಂಥ ನೆರೆ ಬಯಲುಗಳಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ 40ರಿಂದ 60 ಕಿಲೋ ಮೀನು ಅಂತ ಮೀನುಗಾರಿಕೆಯವರು ಲೆಕ್ಕ ಹಾಕುತ್ತಾರೆ. ಮೇವು ಹಾಕುವವರಿಲ್ಲ, ಮರಿ ತಂದು ಬಿಡುವವರಿಲ್ಲ. ನೀರು ಬಂದು ಹೋಗುವುದೇ ಬಂಡವಾಳ.

ಇಲ್ಲಿ ಸಿಗುವ ಮೀನುಗಳಲ್ಲಿ ಕೆಲವು ನಮಗೆ ಪರಿಚಿತವೇ. ನಮ್ಮ ಕಡೆ ನಿಷೇಧ ಇದ್ದರೂ ಹೊಂಡಗಳಲ್ಲಿ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ ಇದೆಯಲ್ಲ, ಅದು ಈ ಬಯಲಿನ ಸ್ವಂತ ಮೀನು. ನಮ್ಮ ಕೆರೆಗಳನ್ನು ಆವರಿಸಿಕೊಂಡ ಜಿಲೇಬಿ ಮೀನಿನ ಬಳಗವೂ ಅಲ್ಲಿನದೇ. ಇಲ್ಲಿ ಹಾವಳಿ ಅನ್ನಿಸಿಕೊಂಡ ಮೀನು ಅಲ್ಲಿ ಮನೆಯ ಅನ್ನ.

ಕಾಲುವೆ ಕೆಲಸ ಮಾಡುವ ಬಗೆ

ಬಯಲಿನಲ್ಲಿ ಒಂದು ತಗ್ಗು ಇರುತ್ತದೆ. ನೆರೆ ಇಳಿಯುವಾಗ ಸುತ್ತಲಿನ ನೀರೆಲ್ಲ ಆ ತಗ್ಗಿಗೆ ಬಂದು ನಿಲ್ಲುತ್ತದೆ, ಮೀನೂ ಬರುತ್ತದೆ. ಆ ತಗ್ಗಿನಿಂದ ನದಿಯ ತನಕ, ಇಲ್ಲವೇ ನದಿಯ ಒಂದು ಕವಲಿನ ತನಕ, ಒಂದು ಕಾಲುವೆ ತೋಡುತ್ತಾರೆ. ಕೆಲವು ನೂರಾರು ಮೀಟರ್ ಉದ್ದ, ಕೆಲವು ಕಿಲೋಮೀಟರುಗಟ್ಟಲೆ. ತೋಡುವುದು ಬೇಸಿಗೆಯಲ್ಲಿ, ನೆಲ ಒಣಗಿ ಬಿರುಕು ಬಿಟ್ಟಾಗ. ಅಲ್ಲಿನ ಜೇಡಿಮಣ್ಣು ಒಣಗಿದರೆ ಕಲ್ಲಿನ ಹಾಗೆ, ನೆನೆದರೆ ಕಾಲು ಹಿಡಿದುಕೊಳ್ಳುವ ಹಾಗೆ. ಅಪ್ಪ, ಮಕ್ಕಳು, ಕೂಲಿಗೆ ಬಂದವರು ಸೇರಿ ವಾರಗಟ್ಟಲೆ ತೋಡುತ್ತಾರೆ. ಒಮ್ಮೆ ತೋಡಿದರೆ ಮುಗಿಯುವುದಿಲ್ಲ. ಪ್ರತಿ ನೆರೆಗೂ ಹೂಳು ತುಂಬುತ್ತದೆ, ಅದನ್ನು ಮತ್ತೆ ಎತ್ತಬೇಕು.

ನವೆಂಬರ್‌ನಲ್ಲಿ ಬಯಲಿನ ನೀರು ಕಾಲುವೆಗೆ ಹೊರಳುತ್ತದೆ. ನದಿಯ ಕಡೆಯ ಬಾಯಲ್ಲಿ ಎರಡು ಬದಿಗೂ ಗೂಟ ಹೊಡೆದು, ಚೀಲದಂಥ ಬಲೆ ಕಟ್ಟುತ್ತಾರೆ. ಹರಿವಿಗೆ ಬಲೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ನದಿಗೆ ಹೊರಟ ಮೀನಿಗೆ ಬೇರೆ ದಾರಿ ಇಲ್ಲ. ನಮ್ಮ ಗದ್ದೆಯ ಕಂಡಿಗೆ ಕೂಣಿ ಇಟ್ಟ ಹಾಗೆಯೇ, ಆದರೆ ಗಾತ್ರ ದೊಡ್ಡದು. ಬಲೆ ತುಂಬಿದಾಗ ಎತ್ತಿ ಸುರಿದು ಮತ್ತೆ ಕಟ್ಟುತ್ತಾರೆ. ಬೆರಳುದ್ದದ ಸಣ್ಣ ಮೀನೇ ಹೆಚ್ಚು. ಆ ವರ್ಷದ ಮರಿಗಳು. ದೊಡ್ಡ ಕ್ಯಾಟ್‌ಫಿಶ್ ಸಿಕ್ಕಿದರೆ ಅದು ಗಂಟೆಗಟ್ಟಲೆ ದಡದ ಮೇಲೆ ಬದುಕಿರುತ್ತದೆ, ಅದಕ್ಕೆ ಗಾಳಿ ಉಸಿರಾಡುವ ಅಂಗ ಇದೆ. ಉಳಿದದ್ದನ್ನು ಬಿಸಿಲಿಗೆ ಹರಡುತ್ತಾರೆ, ಇಲ್ಲವೇ ಹೊಗೆಗೆ ಇಡುತ್ತಾರೆ. ಹೊಗೆಯಲ್ಲಿ ಕಪ್ಪಾದ ಮೀನಿಗೆ ಆ ಕಡೆಯ ಸಂತೆಗಳಲ್ಲಿ ಬಂದಾ ಅಂತ ಹೆಸರು. ಕುಸ್ಸೆರಿ, ಮರುವಾ, ನದಿಯಾಚೆಯ ಎನ್‌ಜಮೇನಾ, ನೈಜೀರಿಯಾದ ಮೈದುಗುರಿ ತನಕ ಅದು ಹೋಗುತ್ತಿತ್ತು. ಬೊಕೊ ಹರಾಮ್ ಹಾವಳಿ ಶುರುವಾದ ಮೇಲೆ ನೈಜೀರಿಯಾದ ದಾರಿ ಕಷ್ಟವಾಯಿತು.

ಕಾಲುವೆ ತೋಡುವುದು ಮೊದಲು ಹೆಚ್ಚಾಗಿ ಕೊಟೊಕೊ ಜನರ ವಿದ್ಯೆ. ಲೊಗೊನ್-ಬಿರ್ನಿ ಅವರ ಹಳೆಯ ಸುಲ್ತಾನರ ಊರು. ಎಲ್ಲಿ, ಯಾವಾಗ ಮೀನು ಹಿಡಿಯಬೇಕು ಅನ್ನುವುದನ್ನು ಹೇಳಲು ಅವರಲ್ಲಿ ನೀರಿನ ಯಜಮಾನ ಅಂತ ಒಬ್ಬರು ಇರುತ್ತಿದ್ದರು. ಮುಸ್ಗುಮ್ ಜನ ದಕ್ಷಿಣದ ಪೂಸ್ ಕಡೆಯವರು. ಬರೀ ಮಣ್ಣಿನಿಂದ, ಮೊಟ್ಟೆಯ ಆಕಾರದಲ್ಲಿ ಎತ್ತರದ ಮನೆ ಕಟ್ಟುವವರು. ಗೋಡೆಯ ಹೊರಗೆ ಏಣಿ ಮೆಟ್ಟಿಲಿನ ಹಾಗೆ ಉಬ್ಬು ಗೆರೆಗಳು ಇರುತ್ತವೆ. ನೋಡಲು ಅಲಂಕಾರ, ಮಳೆ ನೀರು ಇಳಿಯಲು ದಾರಿ, ರಿಪೇರಿಗೆ ಹತ್ತಲು ಮೆಟ್ಟಿಲು. ಮಣ್ಣು ಮತ್ತು ನೀರಿನ ನಡತೆ ಇಷ್ಟು ಬಲ್ಲ ಜನರನ್ನು ಹಿಂದುಳಿದವರು ಅಂತ ಬರೆಯುವುದನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಕಾಲುವೆ ವಿದ್ಯೆಯನ್ನು ಅವರೂ ಕಲಿತರು, ಉತ್ತರಕ್ಕೆ ಬಂದು ನೆಲೆಸಿದ ಕಡೆಯೂ ತೋಡಿದರು.

1979ರ ಒಡ್ಡು

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 1970ರ ದಶಕದಲ್ಲಿ ಸಹೇಲ್ ಸೀಮೆಗೆ ಭಾರಿ ಬರ ಬಿತ್ತು. ಚಾಡ್ ಸರೋವರ 1960ರ ದಶಕದಲ್ಲಿ ಸುಮಾರು 25,000 ಚದರ ಕಿಲೋಮೀಟರ್ ಇದ್ದದ್ದು 1980ರ ದಶಕದ ಮಧ್ಯಕ್ಕೆ ಹತ್ತನೇ ಒಂದು ಭಾಗಕ್ಕೆ ಬಂತು. ಅದೇ ಹೊತ್ತಿಗೆ ಕ್ಯಾಮರೂನ್ ಸರ್ಕಾರ ಭತ್ತ ಬೆಳೆಯಲು ಹೊರಟಿತು. ಯಾಗುವಾದಲ್ಲಿ 1971ರಲ್ಲಿ ಸೆಮ್ರಿ ಎಂಬ ಸರ್ಕಾರಿ ಭತ್ತದ ಸಂಸ್ಥೆ ಹುಟ್ಟಿತ್ತು. ಅದರ ಎರಡನೇ ಯೋಜನೆಗಾಗಿ 1979ರಲ್ಲಿ ಮಾಗಾ ಎಂಬಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ಮಣ್ಣಿನ ಒಡ್ಡು ಹಾಕಿದರು. ಹಿಂದೆ ದೊಡ್ಡ ಕೆರೆ. ತುಂಬಿದರೆ ಸುಮಾರು 400 ಚದರ ಕಿಲೋಮೀಟರ್. ಮಂದಾರಾ ಗುಡ್ಡಗಳಿಂದ ಬಯಲಿಗೆ ಇಳಿಯುತ್ತಿದ್ದ ಹಳ್ಳಗಳ ನೀರು ಆ ಕೆರೆಯಲ್ಲಿ ನಿಂತಿತು. ಜೊತೆಗೆ ಲೊಗೊನ್ ದಡದ ಉದ್ದಕ್ಕೂ ಏರಿ ಕಟ್ಟಿದರು, ಗದ್ದೆಗೆ ನೆರೆ ನುಗ್ಗದಿರಲಿ ಅಂತ. ಆ ಏರಿ ನದಿಯಿಂದ ಬಯಲಿಗೆ ಹೋಗುವ ಹಳೆಯ ಕವಲುಗಳ ಬಾಯಿ ಮುಚ್ಚಿತು.

ಭತ್ತ ಬೆಳೆಯಿತು, ನಿಜ. ಕೆರೆಯಲ್ಲಿ ಮೀನೂ ಸಿಕ್ಕಿತು, ಅದರ ಸುತ್ತ ಒಂದು ಹೊಸ ಮೀನುಗಾರಿಕೆ ಹುಟ್ಟಿತು. ಆದರೆ ಕೆಳಗಿನ ಬಯಲಿಗೆ ಬರುವ ನೆರೆ ಸೊರಗಿತು. ಬರವೂ ಒಡ್ಡೂ ಒಟ್ಟಿಗೆ ಬಂದದ್ದರಿಂದ ಯಾವುದರ ಪಾಲು ಎಷ್ಟು ಅಂತ ಜನರಿಗೆ ತಕ್ಷಣ ತಿಳಿಯಲಿಲ್ಲ. ಮಳೆ ಸ್ವಲ್ಪ ಚೇತರಿಸಿಕೊಂಡ ಮೇಲೂ ನೀರು ಬಾರದಾಗ ತಿಳಿಯಿತು. ಹುಲ್ಲುಗಾವಲು ಕುಗ್ಗಿತು, ಬಯಲಿನ ಜಿಂಕೆಗಳು ಕುಗ್ಗಿದವು, ಮೀನು ಎಲ್ಲಕ್ಕಿಂತ ಜಾಸ್ತಿ ಕುಗ್ಗಿತು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಆಮೇಲೆ ಲೆಕ್ಕ ಹಾಕಿಸಿತು. ನೆರೆ ತಪ್ಪಿದ್ದರಿಂದ ಕೆಳಗಿನ ಜನಕ್ಕೆ ಆಗುತ್ತಿರುವ ನಷ್ಟ ವರ್ಷಕ್ಕೆ 20 ಲಕ್ಷ ಡಾಲರ್‌ಗೂ ಹೆಚ್ಚು. ಭತ್ತದ ಲೆಕ್ಕ ಬರೆದ ಪುಸ್ತಕದಲ್ಲಿ ಈ ಸಾಲು ಇರಲೇ ಇಲ್ಲ. ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಟ್ಟ ಸಂಗತಿ ಇದೇ. ಮೀನು ಯಾರ ಹೊಲದಲ್ಲೂ ಬೆಳೆಯುವುದಿಲ್ಲ, ಅದಕ್ಕೆ ಪಹಣಿ ಇಲ್ಲ. ಅದು ಹೋದಾಗ ಪರಿಹಾರ ಕೇಳಲು ಯಾರ ಹತ್ತಿರವೂ ಕಾಗದ ಇರಲಿಲ್ಲ.

ಒಂದು ಒಳ್ಳೆಯ ಪ್ರಯತ್ನವೂ ನಡೆಯಿತು. 1994ರಲ್ಲಿ ವಾಜಾ-ಲೊಗೊನ್ ಯೋಜನೆಯವರು ಏರಿಯಿಂದ ಮುಚ್ಚಿಹೋಗಿದ್ದ ಒಂದು ಹಳೆಯ ಕವಲಿನ ಬಾಯಿ ತೆರೆದರು. 1997ರಲ್ಲಿ ಇನ್ನೊಂದನ್ನು. ಮೊದಲನೆಯದರಿಂದಲೇ ಸುಮಾರು 200 ಚದರ ಕಿಲೋಮೀಟರ್‌ಗೆ ಮತ್ತೆ ನೆರೆ ಬಂತು. 200 ಚದರ ಕಿಲೋಮೀಟರ್ ಅಂದರೆ 20,000 ಹೆಕ್ಟೇರ್. ಮೇಲೆ ಹೇಳಿದ ಹೆಕ್ಟೇರಿನ ಲೆಕ್ಕ ಹಿಡಿದರೆ ವರ್ಷಕ್ಕೆ 800ರಿಂದ 1,200 ಟನ್ ಮೀನು ಬೆಳೆಯುವಷ್ಟು ನೀರು. ಹುಲ್ಲು ಮರಳಿತು, ದನಗಾಹಿಗಳು ಮರಳಿದರು, ಹಕ್ಕಿಗಳು ಬಂದವು. ಇನ್ನೂ ದೊಡ್ಡದಾಗಿ ನೀರು ಬಿಡುವ ಯೋಚನೆಯೂ ಇತ್ತು. ಅದು ಆ ಮಟ್ಟಕ್ಕೆ ಮುಂದುವರಿಯಲಿಲ್ಲ.

ನಿಲ್ಲಿಸಲಾರದ ಗುದ್ದಲಿ

ಮೀನು ಕಮ್ಮಿಯಾದಾಗ ಮೀನುಗಾರ ಏನು ಮಾಡುತ್ತಾನೆ? ಇನ್ನೊಂದು ಕಾಲುವೆ ತೋಡುತ್ತಾನೆ. ಇದನ್ನು ದುರಾಸೆ ಅನ್ನುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಮಾರ್ಕ್ ಮಾರಿಟ್ಜ್, ಸಾರಾ ಲಬೋರ್ಡ್ ಮತ್ತು ಅವರ ಕ್ಯಾಮರೂನಿನ ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಅವರು ಹೇಳುವುದು ಸುತ್ತಿ ಸುತ್ತಿ ಬಿಗಿಯುವ ಹಗ್ಗದ ಕಥೆ.

ನಿಮ್ಮ ಪಕ್ಕದವನು ಕಾಲುವೆ ತೋಡಿದ ಅಂದುಕೊಳ್ಳಿ. ನಿಮ್ಮ ತಗ್ಗಿಗೆ ಬರಬೇಕಿದ್ದ ನೀರಿನ ಒಂದು ಪಾಲು ಅವನ ಕಡೆ ತಿರುಗುತ್ತದೆ, ಮೀನೂ ಅಷ್ಟೇ. ಮೊದಲಿನಂತೆ ನದಿಯಲ್ಲಿ ಬಲೆ ಬೀಸಿಕೊಂಡು ಇರೋಣ ಅಂದರೆ ನದಿಗೆ ತಲುಪುವ ಮೊದಲೇ ಮೀನು ಅವನ ಬಲೆಗೆ ಬಿದ್ದಿರುತ್ತದೆ. ಹಾಗಾಗಿ ನೀವೂ ತೋಡಬೇಕು. ಸಾಲ ಮಾಡಿಯಾದರೂ ತೋಡಬೇಕು. ತೋಡಿದ ಮೇಲೆ ಹಾಕಿದ ದುಡ್ಡು ವಾಪಸ್ ಬರಬೇಕಲ್ವಾ, ಹಾಗಾಗಿ ಪ್ರತಿ ವರ್ಷ ಹೂಳೆತ್ತಬೇಕು, ಸ್ವಲ್ಪ ಆಳ ಮಾಡಬೇಕು. ನೀವು ಆಳ ಮಾಡಿದರೆ ಅವನೂ ಮಾಡುತ್ತಾನೆ. ಕಾಲುವೆ ಮಗನಿಗೆ ಆಸ್ತಿಯಾಗಿ ಹೋಗುತ್ತದೆ. ಬಿಟ್ಟುಬಿಡು ಅಂದರೆ ಯಾರು ಬಿಡುತ್ತಾರೆ?

ಇಷ್ಟೇ ಆಗಿದ್ದರೆ ಮೀನು ಹಂಚಿಕೆಯ ಜಗಳ ಅನ್ನಬಹುದಿತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಾಲುವೆ ಮೀನನ್ನು ಹಿಡಿಯುವುದರ ಜೊತೆಗೆ ನೀರನ್ನೂ ಬಸಿಯುತ್ತದೆ. ಸಪಾಟು ಬಯಲಿನಲ್ಲಿ ನೀರು ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಕಾಲುವೆಗಳು ಹೆಚ್ಚಾದಷ್ಟೂ ಅದು ಬೇಗ ಇಳಿಯುತ್ತದೆ. ನೀರು ಬೇಗ ಇಳಿದರೆ ಮರಿ ಬೆಳೆಯುವ ದಿನ ಕಮ್ಮಿ. ಮೀನು ಸಣ್ಣದಾಗಿರುವಾಗಲೇ ಬಲೆಗೆ ಬರುತ್ತದೆ. ಸಣ್ಣ ಮೀನಿಗೆ ಸಣ್ಣ ಕಣ್ಣಿನ ಬಲೆ ಬೇಕು. ಒಡ್ಡಿನಿಂದ ಮೊದಲೇ ಕಮ್ಮಿ ಆಗಿದ್ದ ನೆರೆಯನ್ನು ಜನ ತಮ್ಮ ಕೈಯಾರೆ ಇನ್ನಷ್ಟು ಕಮ್ಮಿ ಮಾಡಿಕೊಳ್ಳುತ್ತಿದ್ದಾರೆ. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಒಬ್ಬನೇ ನಿಲ್ಲಿಸಿದರೆ ಅವನ ಮನೆ ಮಾತ್ರ ಉಪವಾಸ.

ಇಲ್ಲೊಂದು ಕುತೂಹಲದ ಹೋಲಿಕೆ ಇದೆ. ಅದೇ ಮಾರಿಟ್ಜ್ ಅವರು ಅದೇ ಬಯಲಿನ ದನಗಾಹಿಗಳನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಹುಲ್ಲು ಎಲ್ಲರಿಗೂ ತೆರೆದದ್ದು, ಹೊರಗಿನಿಂದ ಬರುವವರಿಗೂ ಅಡ್ಡಿ ಇಲ್ಲ. ಹಾಗಿದ್ದೂ ಹುಲ್ಲುಗಾವಲು ಹಾಳಾಗಿಲ್ಲ. ಯಾಕಂದರೆ ಒಂದು ಕಡೆ ದನ ಜಾಸ್ತಿಯಾದರೆ ದನಗಾಹಿ ಇನ್ನೊಂದು ಕಡೆಗೆ ಹೋಗುತ್ತಾನೆ. ಸಾಮೂಹಿಕ ಆಸ್ತಿ ಅಂದರೆ ಹಾಳಾಗುವುದೇ ಅನ್ನುವ ಪಾಠ ಇಲ್ಲಿ ನಿಲ್ಲುವುದಿಲ್ಲ. ಮೀನುಗಾರ ಹಾಗೆ ನಡೆದು ಹೋಗಲಾರ. ಅವನ ಬಂಡವಾಳ ನೆಲದಲ್ಲಿ ಹೂತಿದೆ.

ಒಂದೇ ವಾರಕ್ಕೆ ಇಬ್ಬರೂ

ಈಗ ಶುವಾ ಅರಬ್ಬರ ಕಡೆಯಿಂದ ನೋಡೋಣ. ಮಳೆಗಾಲದಲ್ಲಿ ಅವರ ದನ ಎತ್ತರದ ನೆಲದಲ್ಲಿ ಇರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ನೀರು ಇಳಿದ ಹಾಗೆ ಬಯಲಿಗೆ ಬರುತ್ತದೆ. ನೆರೆ ಬಿಟ್ಟುಹೋದ ತೇವದಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಸುತ್ತಲಿನ ಸೀಮೆಯೆಲ್ಲ ಒಣಗಿ ಹಳದಿ ತಿರುಗಿದಾಗ ಈ ಹಸಿರು ಅವರ ಜೀವ. ನೂರಾರು ದನ ಸಾಲಾಗಿ ಬರುವ ದಾರಿಗಳು ತಲೆಮಾರಿನಿಂದ ಇವೆ. ಆ ದಾರಿಗೆ ಅಡ್ಡ ಒಂದು ಕಾಲುವೆ, ಮುಂದೆ ಇನ್ನೊಂದು, ಅದರಾಚೆ ಮೀನಿನ ಗುಂಡಿ. ಬಾಯಾರಿದ ದನ ನೀರು ಕಂಡು ಇಳಿಯುತ್ತದೆ. ಮೊದಲು ಮುಂಗಾಲು ಹೂಳುತ್ತದೆ, ಆಮೇಲೆ ಹೊಟ್ಟೆ. ಜೇಡಿ ಕೆಸರಿನಿಂದ ಹಸುವನ್ನು ಎತ್ತಲು ಹಗ್ಗ ಬೇಕು, ಐದಾರು ಜನ ಬೇಕು. ಕಾಲು ಮುರಿದರೆ ಅದು ಅಲ್ಲಿಗೇ ಮುಗಿಯಿತು. ದನಗಾಹಿ ಕುಟುಂಬಕ್ಕೆ ಒಂದು ಹಾಲು ಕೊಡುವ ಹಸು ಹೋದರೆ ಒಂದು ವರ್ಷದ ಊಟ ಹೋದ ಹಾಗೆ.

ಅದೇ ವಾರಗಳಲ್ಲಿ ಮೀನುಗಾರ ಕಾಲುವೆ ಬಾಯಲ್ಲಿ ಬಲೆ ಕಟ್ಟಿ ಕೂತಿರುತ್ತಾನೆ. ದನ ನುಗ್ಗಿದರೆ ದಂಡೆ ಕುಸಿಯುತ್ತದೆ, ಗೂಟ ಕೀಳುತ್ತದೆ. ವರ್ಷದಲ್ಲಿ ಅವನಿಗೆ ದುಡ್ಡು ಬರುವುದು ಅದೊಂದೇ ಕಾಲಕ್ಕೆ. ಇಬ್ಬರಿಗೂ ಅದೇ ನೆಲ, ಅದೇ ನೀರು, ಅದೇ ಹದಿನೈದು ದಿನ.

ಡಿಸೆಂಬರ್ ಜಗಳ ಮೊದಲನೆಯದೂ ಅಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಸೀಮೆಯಲ್ಲಿ ಗುಂಡಿಗಳ ವಿಷಯಕ್ಕೇ ಹೊಡೆದಾಟವಾಗಿ ಸುಮಾರು 11,000 ಜನ ಚಾಡ್‌ಗೆ ಓಡಿಹೋಗಿದ್ದರು. ಅಂದರೆ ನಾಲ್ಕು ತಿಂಗಳ ಎಚ್ಚರಿಕೆ ಸಿಕ್ಕಿತ್ತು. ಮಾತುಕತೆ ನಡೆದವು, ಗುಂಡಿಗಳು ಹಾಗೇ ಉಳಿದವು. ಹಳೆಯ ದಿನಗಳಲ್ಲಾದರೆ ದನ ಬಿದ್ದಾಗ ಎರಡೂ ಕಡೆಯ ಹಿರಿಯರು ಕೂತು ದಂಡ ತೀರ್ಮಾನಿಸುತ್ತಿದ್ದರು. ಮೀನು ತುಂಬಿದ್ದಾಗ ದಂಡ ಕೊಡುವುದು ಕಷ್ಟವಲ್ಲ. ಬಲೆ ಖಾಲಿ ಇದ್ದಾಗ ಯಾವುದರಿಂದ ಕೊಡುವುದು?

ಏನು ಮಾಡಬಹುದು

ಕಾಲುವೆಗಳನ್ನೆಲ್ಲ ಮುಚ್ಚಿಸಿ ಅನ್ನುವ ಸಲಹೆ ಕೇಳಲು ಸರಳ. ನನ್ನ ಮಟ್ಟಿಗೆ ಅದು ಅನ್ಯಾಯ. ಮುಚ್ಚಿದ ಮರುದಿನ ಸಾವಿರಾರು ಮನೆಗಳಿಗೆ ಕೆಲಸ ಇರುವುದಿಲ್ಲ. ಮತ್ತೆ ಆ ಕುಟುಂಬಗಳನ್ನು ಕಾಲುವೆಯ ಕಡೆ ತಳ್ಳಿದ್ದರಲ್ಲಿ ಮಾಗಾ ಒಡ್ಡಿನ ಪಾಲೂ ಇದೆ. 2012ರ ಭಾರಿ ನೆರೆಯಲ್ಲಿ ಒಡ್ಡು ಮತ್ತು ಏರಿ ಹಾಳಾದಾಗ ವಿಶ್ವಬ್ಯಾಂಕಿನ ನೆರವಿನಿಂದ ದೊಡ್ಡ ರಿಪೇರಿ ಯೋಜನೆ ಬಂತು. ಮೇಲಿನ ಊರುಗಳನ್ನು ಕಾಪಾಡಲು ಅದು ಬೇಕಿತ್ತು. ಕೆಳಗಿನ ಬಯಲಿಗೆ ಯಾವ ತಿಂಗಳು ಎಷ್ಟು ನೀರು ಬಿಡಬೇಕು ಅನ್ನುವುದಕ್ಕೂ ಅಷ್ಟೇ ಗಮನ ಬೇಕು. 1994ರಲ್ಲಿ ಒಂದು ಕವಲು ತೆರೆದು ತೋರಿಸಿದ್ದು ಕಣ್ಣ ಮುಂದೆಯೇ ಇದೆ.

ಆದರೆ ನೀರು ಬಿಟ್ಟರೆ ಸಾಲದು. ಕಾಲುವೆಗಳು ಈಗಿರುವ ಹಾಗೇ ಇದ್ದರೆ ಹೊಸ ನೀರನ್ನೂ ಬೇಗ ಬಸಿದುಹಾಕುತ್ತವೆ. ಹಾಗಾಗಿ ಎರಡು ಸಣ್ಣ ಕೆಲಸ ಮೊದಲು ಆಗಬೇಕು ಅಂತ ನನಗೆ ಅನ್ನಿಸುತ್ತದೆ. ದನದ ದಾರಿಗೆ ಅಡ್ಡ ಬರುವ ಕಡೆ ಕಾಲುವೆಯ ದಂಡೆಯನ್ನು ಎರಡೂ ಬದಿಗೆ ಇಳಿಜಾರು ಮಾಡಿ, ತಳ ಗಟ್ಟಿ ಮಾಡಿ, ದನ ದಾಟುವ ಜಾಗ ಅಂತ ಗುರುತು ಹಾಕಬೇಕು. ಇದಕ್ಕೆ ಬೇಕಾದ್ದು ಕಾಲುವೆ ತೋಡಿದ ಅದೇ ಗುದ್ದಲಿ.

ಇನ್ನೊಂದು ಕೆಲಸ ಕಾಲುವೆಯ ಬಾಯಿಯದು. ನೆರೆ ಇಳಿಯಲು ಶುರುವಾದಾಗ ಬಾಯಿಗೆ ಮಣ್ಣು ಹಾಕಿ ಒಂದಷ್ಟು ದಿನ ತಡೆದರೆ ಮರಿ ಇನ್ನೂ ಬೆಳೆಯುತ್ತದೆ, ಹುಲ್ಲಿಗೂ ತೇವ ಸಿಗುತ್ತದೆ. ಒಬ್ಬ ತಡೆದು ಇನ್ನೊಬ್ಬ ತೆಗೆದರೆ ಪ್ರಯೋಜನವಿಲ್ಲ. ಒಂದು ತಗ್ಗಿನ ಸುತ್ತಲಿನ ಎಲ್ಲ ಕಾಲುವೆಗಳ ಬಾಯಿಯನ್ನು ಒಂದೇ ದಿನ ತೆಗೆಯಬೇಕು. ನೀರಿನ ಯಜಮಾನ ಅನ್ನುವ ಹಳೆಯ ಸ್ಥಾನ ಇದ್ದದ್ದೇ ಇಂಥ ದಿನ ಹೇಳಲು. ಈಗ ಆ ದಿನವನ್ನು ಕೊಟೊಕೊ, ಮುಸ್ಗುಮ್ ಎರಡೂ ಕಡೆಯ ಕಾಲುವೆ ಒಡೆಯರು ಕೂತು ಗೊತ್ತು ಮಾಡಬೇಕು. ಆ ಕೂಟದಲ್ಲಿ ಶುವಾ ಅರಬ್ಬರ ಹಿರಿಯರಿಗೂ ಜಾಗ ಇರಬೇಕು, ಅವರ ದನ ಬಯಲಿಗೆ ಇಳಿಯುವುದು ಅದೇ ವಾರ.